ಕಾಕಾ ಅರ್ಧಕ್ಕೆ ಬಿಟ್ಟುಹೋದ ಮೂರು ಗಾಲಿಯ ಗಾಡಿ

ಕಾಕಾನ ಶವಕ್ಕೆ ವಿಮಾನ ಕಟ್ಟುವಾಗ ಹುರಿ ಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಊರಿನವರನ್ನೆಲ್ಲ ಬೈಯುವವನಿದ್ದೇನೆ. ನನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟುಕೊಂಡು ಬೈದರೆ ಬಾಯಲ್ಲಿ ಹುಳ ಬಿದ್ದೀತು.

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಎದುರಿಗೆ, ಊರೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಮುದುಕರ ಸೈಕಲ್ ಅಂಗಡಿ. ಆಲಮಟ್ಟಿಯಲ್ಲಿ ಡ್ಯಾಮಿನ ಕೆಲಸ ನಡೆದಿದ್ದ ವರ್ಷಗಳವು. ನಾನು ಆ ಅಂಗಡಿಯ ಮಿಸ್ತ್ರಿ. ಒಂದು ಮಂಗಳವಾರ ಮುಂಜಾನೆ ಕಾಕಾ ಚಹಾ ಕುಡಿದು, ಕಪ್ಪು-ಬಸಿ ಕೆಳಗಿಟ್ಟು, ಎದೆ ಹಿಡಿದುಕೊಂಡು ಮನೆಯ ಕಟ್ಟೆಯ ಮೇಲೆ ಹಾಗೇ ಒರಗಿದರಂತೆ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತು ಗಂಟೆಗೆ ಅರ್ಧ ಬಜಾರು ನಮ್ಮ ಅಂಗಡಿಯ ಮುಂದೆ ಸೇರಿತ್ತು. ನಮ್ಮ ಜನದಲ್ಲಿ ಶವವನ್ನು ಕೂಡಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಆ ವಿಮಾನಕ್ಕೆ ಬಿದಿರು ಬಂತು, ಬಾಳೆಕಂಬ ಬಂತು, ಮಾವಿನ ತಪ್ಪಲು ಬಂತು. ಕಟ್ಟಲು ಹುರಿ ಮಾತ್ರ ಸಾಲಲಿಲ್ಲ.

"ಲೇ ಮಿಸ್ತ್ರಿ, ಅಂಗಡಿಯಾಗ ಹುರಿ ಐತೇನೋ? ಲಗೂ ತಾ," ಎಂದು ಪಕ್ಕದಲ್ಲಿ ಕಾಳಿನ ವ್ಯಾಪಾರದ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರರು ಕೂಗಿದರು.

ನನಗೆ ತಲೆ ನೆಟ್ಟಗಿರಲಿಲ್ಲ. ಒಳಗೆ ಹೋದೆ. ಗೋಡೆಯ ಮೊಳೆಗೆ ಏಳೆಂಟು ಹುರಿಗಳ ಗೊಂಚಲು ನೇತಾಡುತ್ತಿತ್ತು. ಅಷ್ಟನ್ನೂ ಕಿತ್ತು ತಂದು ಅವರ ಕೈಗಿಟ್ಟೆ. ಸಂಜೆಗೆ ಕಾಕಾನ ಜೊತೆ ಹೂವು, ವಿಭೂತಿ, ಬಾಳೆಯ ಎಲೆ, ಹುರಿ ಎಲ್ಲವೂ ಮಣ್ಣಿಗೆ ಹೋದವು.

ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದುಕೊಂಡು ಅಂಗಡಿಯೊಳಗೆ ಕೂತಾಗ ಕಣ್ಣು ಆ ಬರೀ ಮೊಳೆಯ ಮೇಲೆ ಬಿತ್ತು. ಆ ಹುರಿಗಳು ಕಟ್ಟುವ ಹುರಿಗಳಲ್ಲ, ಅಳತೆಯ ಹುರಿಗಳು. ಕಾಕಾ ಟೇಪು ಮುಟ್ಟುತ್ತಿರಲಿಲ್ಲ. "ಟೇಪಿನ್ಯಾಗ ಅಂಕಿ ಇರ್ತಾವು, ಮನಿಷ್ಯಾ ಇರೂದಿಲ್ಲ," ಎನ್ನುತ್ತಿದ್ದರು. ಗಿರಾಕಿಯ ಕಾಲಿಗೆ, ಕೈಗೆ, ಸೊಂಟಕ್ಕೆ ಹುರಿ ಹಿಡಿದು, ಬೇಕಾದಲ್ಲಿ ಗಂಟು ಹಾಕಿ, ಮೊಳೆಗೆ ತೂಗುಬಿಡುವುದು ಅವರ ಪದ್ಧತಿ. ಯಾವ ಹುರಿ ಯಾರದು, ಯಾವ ಗಂಟು ಯಾತರದು ಎಂಬುದು ಅವರ ತಲೆಯಲ್ಲಿ. ಕಾಗದದ ಮೇಲೆ ಒಂದು ಅಕ್ಷರ ಇಲ್ಲ. ತಲೆ ಹೋಯಿತು, ಹುರಿಯೂ ಹೋಯಿತು. ಅದರಲ್ಲಿ ಒಂದು ಅಕ್ಕೋರದು.

ಸಾಲಿಯ ಶಿಕ್ಷಕಿಯರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಈಕೆ ಇನ್ನೂ ನೌಕರಿಗೆ ಹಾಜರಾಗಿರಲಿಲ್ಲ, ಆದರೆ ಟ್ರೇನಿಂಗು ಪಾಸಾದ ದಿನದಿಂದ ಕಾಕಾ ಅಕ್ಕೋರು ಎಂದೇ ಕರೆಯುತ್ತಿದ್ದರು. ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಾಲು ಬತ್ತಿಹೋಗಿದ್ದವು. ತಾಯಿ ಇಲ್ಲ. ತಂದೆ ಸಾಹುಕಾರರ ಅಡತಿಯಲ್ಲಿ ಹಮಾಲ. ಹಗಲೆಲ್ಲ ಚೀಲ ಹೊತ್ತು, ಮುಂಜಾನೆ ಸಂಜೆ ಮಗಳನ್ನು ಹೊತ್ತು ಓದಿಸಿದ ಮನುಷ್ಯ. ನಿಡಗುಂದಿ ರಸ್ತೆಯಿಂದ ಒಳಗೆ, ಊರಿಂದ ಮೂರು ಮೈಲಿ ದೂರದ ಒಂದು ಹಳ್ಳಿಯ ಸಾಲಿಗೆ ಆಕೆಗೆ ಆರ್ಡರ್ ಬಂದಿತ್ತು. ಆರ್ಡರ್ ಕೊಟ್ಟ ಶಿಕ್ಷಣ ಇಲಾಖೆಯ ಸಾಹೇಬರು ತಂದೆಯ ಮುಂದೆ ಒಂದು ಮಾತು ಸೇರಿಸಿದ್ದರು: "ದಿನಾ ನೀ ಹೊತ್ಕೊಂಡು ಬಂದು ಕೂಡಿಸೂದಾದ್ರ ಈ ನೌಕರಿ ಬ್ಯಾಡ. ಸೋಮವಾರ ಹತ್ತೂವರಿ ಒಳಗ ಆಕಿ ತಾನಾಗೇ ಬಂದು ಹಾಜರಾಗಬೇಕು. ಇಲ್ಲಾಂದ್ರ ಮುಂದಿನ ಹೆಸರಿಗೆ ಕೊಡ್ತೀನಿ."

ಮುಂದಿನ ಸೋಮವಾರ, ಅಂದರೆ ಕಾಕಾ ತೀರಿಹೋದ ಏಳನೇ ದಿನಕ್ಕೆ.

ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಗಾಡಿ ಮಾಡಿಕೊಡುತ್ತೇನೆಂದು ಕಾಕಾ ಒಪ್ಪಿ ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳು! ಅದು ಎಂಟು ದಿನದ ಕೆಲಸ. ಹಳೆಯ ಎರಡು ಸೈಕಲ್ಲು ಕತ್ತರಿಸಿ, ಆಲಮಟ್ಟಿಯ ಪ್ರೊಜೆಕ್ಟ್ ವರ್ಕ್‌ಶಾಪಿನ ವೆಲ್ಡರನಿಂದ ಬೆಸುಗೆ ಹಾಕಿಸಿ, ಹಿಂದೆ ಎರಡು ಗಾಲಿ, ನಡುವೆ ಕೂಡುವ ಹಲಗೆಯ ಚೌಕಟ್ಟು ಮಾಡಿ ಇಟ್ಟಿದ್ದರು. ಮುಂದಿನ ಗಾಲಿಯ ಮೇಲೆ ಒಂದು ಪೈಪು ನಿಲ್ಲಿಸಬೇಕು; ಅದರ ತುದಿಗೆ ಪೆಡಲು ತಿರುಗುವ ಕೊಳವೆ ಕೂಡಿಸಬೇಕು; ಅಲ್ಲಿಂದ ಚೈನು ಇಳಿಸಿ ಮುಂದಿನ ಗಾಲಿಗೆ ಹಾಕಬೇಕು. ಆ ಪೈಪಿನ ಎತ್ತರವೇ ಜೀವಾಳ. ಹೆಚ್ಚಾದರೆ ಭುಜ ಹರಿದುಹೋಗುತ್ತದೆ, ಕಡಿಮೆಯಾದರೆ ಕೈ ಮೊಣಕಾಲಿಗೆ ಬಡಿಯುತ್ತದೆ. ಅದೇ ಅಳತೆ ಹುರಿಯಲ್ಲಿತ್ತು.

ಯಾಕೆ ನಾಲ್ಕು ತಿಂಗಳು? ಇದನ್ನು ಹೇಳಲು ನನಗೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು. ಕಾಕಾ ಎಂಥವರೆಂದರೆ, ಸಿಂದಗಿಗೆ ಪರೀಕ್ಷೆಗೆ ಹೋಗುವ ಬಸ್ಸು ತಪ್ಪಿಸಿಕೊಂಡ ಅಪರಿಚಿತನಿಗೆ ತಮ್ಮ ಸೈಕಲ್ಲನ್ನೇ ಕೊಟ್ಟು ಮೂರು ದಿನ ನಡೆದುಕೊಂಡು ಅಂಗಡಿಗೆ ಬಂದವರು. ಮುದ್ದೇಬಿಹಾಳ ರಸ್ತೆಯಲ್ಲಿ ಪಂಕ್ಚರಾಗಿ ನಿಂತವರಿಗೆ ಪಂಪು ಹೊತ್ತುಕೊಂಡು ಬಿಸಿಲಲ್ಲಿ ಹೋದವರು. ಹೀಗಾಗಿ ಯಾರು ಬಂದು ಎದುರಿಗೆ ನಿಂತರೂ "ಆತು ತಗೋರಿ, ಈಗ ಮಾಡ್ತೀನಿ" ಎನ್ನುವರು. ಯಾರು ದೊಡ್ಡ ದನಿ ತೆಗೆದರೋ ಅವರದು ಮೊದಲು. ಸಾಹುಕಾರರ ಸೈಕಲ್ಲಿನ ಗಂಟೆ ಕೆಟ್ಟಿತೆಂದರೆ ಅಕ್ಕೋರ ಗಾಡಿಯ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಎದ್ದೇಬಿಡುವರು. ಅಕ್ಕೋರ ತಂದೆ ಬಂದು ಮೂಲೆಯಲ್ಲಿ ನಿಂತು, ಗಾಡಿಯನ್ನು ನೋಡಿ, ಏನೂ ಅನ್ನದೆ ಹೋಗುವನು. ನಾನು ಒಮ್ಮೆ, "ಕಾಕಾ, ಇದನ್ನ ಮೊದಲ ಮುಗಸೂಣು," ಎಂದಿದ್ದೆ. "ಅವರು ಶಾಣ್ಯಾ ಮಂದಿ ಪಾ, ತಡ್ಕೋತಾರ," ಎಂದಿದ್ದರು. ತಡೆದುಕೊಳ್ಳುವವರನ್ನೇ ಕಾಯಿಸುವುದು ಎಲ್ಲಿಯ ನ್ಯಾಯ? ಅಂದು ಸುಮ್ಮನಾದೆ. ಅದೂ ನನ್ನದೇ ತಪ್ಪು, ಬರೆದುಕೊಳ್ಳಿ.

ಬುಧವಾರ ಮುಂಜಾನೆ ಅಂಗಡಿಗೆ ಹೋದರೆ ಬಾಗಿಲಿಗೆ ಹೊಸ ಕೀಲಿ. ಸಾಹುಕಾರರು ತಮ್ಮ ಗಾದಿಯ ಮೇಲೆ ಕೂತಿದ್ದರು. ಕಣ್ಣು ಕೆಂಪಾಗಿದ್ದವು; ಅತ್ತಿದ್ದರು, ಸುಳ್ಳು ಹೇಳುವುದಿಲ್ಲ.

"ಸಾಹುಕಾರ್ರ, ಕೀಲಿ ಯಾರು ಹಾಕ್ಯಾರ?"

"ನಾನ ಹಾಕೀನಿ. ಹನ್ನೊಂದು ದಿನ ಅಂಗಡಿ ಮುಚ್ಚಿರ್ಲಿ. ಅಂಥಾ ಮನಿಷ್ಯಾಗ ಅಷ್ಟು ಮರ್ಯಾದಿನೂ ಬ್ಯಾಡೇನು? ಹನ್ನೊಂದನೇ ದಿನ ಇಲ್ಲೇ ಮೈಕ್ ಹಚ್ಚಿ ಸಭಾ ಮಾಡೂಣು. ಆಮ್ಯಾಲ ತಗದ್ರಾತು."

"ಒಳಗ ಅಕ್ಕೋರ ಗಾಡಿ ಐತ್ರಿ. ಸೋಮವಾರ ಹೋಗಬೇಕು ಅವರು. ನಿಮ್ಮ ಹಮಾಲನ ಮಗಳು."

"ಗೊತ್ತೈತಿ. ನನ್ನ ಎತ್ತಿನ ಚಕ್ಕಡಿ ಕೊಡ್ತೀನಿ, ಅದರಾಗ ಹೋಗ್ಲಿ."

"ತಾನಾಗೇ ಬರಬೇಕಂತ ಹೇಳ್ಯಾರ್ರೀ. ಚಕ್ಕಡಿ ನಡಿಯೂದಿಲ್ಲ."

"ಹಂಗಂದ್ರ ಅಕಿ ಹಣೇಬಾರ. ಕಾಕಾನ ಮಣ್ಣು ಇನ್ನೂ ಹಸಿ ಐತಿ, ನೀ ಸುತ್ತಿಗಿ ಸಪ್ಪಳ ಮಾಡ್ತೀಯಾ? ನಾಚಿಕಿ ಬರೂದಿಲ್ಲೇನು ನಿನಗ?"

ನಮ್ಮ ಜನ ಮಠದಲ್ಲಿ ಕೂತು, ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ ಎಂದು ಕೇಳಿ ತಲೆದೂಗಿ ಬರುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರೆ ಮುಗಿಯಿತು. ಅಲ್ಲೇ ಚೀಲ ಹೊರುತ್ತಿದ್ದ ಅಕ್ಕೋರ ತಂದೆಯ ಮುಖ ನೋಡಿದೆ. ಅವನು ಕಣ್ಣು ತಪ್ಪಿಸಿದ. ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆ ಬಂದು, "ಮಿಸ್ತ್ರಿ, ನಾ ಏನೂ ಅನ್ನಾಕ ಬರೂದಿಲ್ಲ. ಉಣ್ಣೂ ತುತ್ತು ಇವರದೈತಿ. ನೀ ಏನರ ಮಾಡು," ಎಂದು ಕೈ ಮುಗಿದ. ತಂದೆಯ ವಯಸ್ಸಿನವನು ನನಗೆ ಕೈ ಮುಗಿದದ್ದು ಕಂಡು ಮೈ ಉರಿದುಹೋಯಿತು.

ಆ ದಿನ ಪೂರ್ತಿ ಹೋಯಿತು. ಮಠಕ್ಕೆ ಹೋಗಿ ಹಿರಿಯರೊಬ್ಬರನ್ನು ಕೇಳಿದೆ. ಸಾಹುಕಾರರನ್ನು ಕೇಳು ಎಂದರು. ಪಂಚಾಯತಿಯ ಒಬ್ಬರನ್ನು ಕೇಳಿದೆ; ಅವರು ಕಾಕಾನ ಗುಣಗಾನ ಮಾಡಿ ನನಗೆ ಚಹಾ ಕುಡಿಸಿ ಕಳಿಸಿದರು. ಊರಲ್ಲಿ ಆ ವಾರ ಎಲ್ಲಿ ಹೋದರೂ ಕಾಕಾನ ಗುಣಗಾನ. ಕಾಕಾನ ಕೆಲಸದ ಬಗ್ಗೆ ಕೇಳಿದರೆ ಒಬ್ಬನೂ ಬಾಯಿ ಬಿಡಲಿಲ್ಲ.

ಗುರುವಾರ ಮುಂಜಾನೆ ಕಾಕಾನ ಮನೆಗೆ ಹೋದೆ. ಮೂರನೇ ದಿನ, ಪಡಸಾಲೆಯ ತುಂಬ ಹೆಂಗಸರು. ಕಾಕು, ಅಂದರೆ ಕಾಕಾನ ಹೆಂಡತಿ, ಗೋಡೆಗೆ ಒರಗಿ ಕೂತಿದ್ದರು. ಬೀಗರ ಪೈಕಿಯ ಹಿರಿಯಳೊಬ್ಬಳು, "ಈಗ ಕೆಲಸದ ಮಾತು ತಗೀಬ್ಯಾಡೋ ಯಪ್ಪಾ," ಎಂದು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ನಾನು ತಿರುಗುವುದರೊಳಗೆ ಕಾಕು ತಲೆ ಎತ್ತಿದರು.

"ಅಕ್ಕೋರ ಗಾಡಿ ಆತೇನು?"

ಊರೆಲ್ಲ ಅಲೆದರೂ ನನ್ನನ್ನು ಯಾರೂ ಕೇಳದಿದ್ದ ಮಾತು ಅದು. ನಾನು ನಡೆದದ್ದನ್ನೆಲ್ಲ ಹೇಳಿದೆ. ಹುರಿ ಕೊಟ್ಟದ್ದನ್ನೂ ಬಿಡಲಿಲ್ಲ.

"ಕೀಲಿ ಹಾಕೂ ಮುಂದ ನನ್ನ ಯಾರು ಕೇಳ್ಯಾರ? ಅಂಗಡಿ ಯಾರದು?"

"ನಿಮ್ಮದರಿ."

"ಮತ್ತ? ಒಡಿ ಹೋಗು. ನಾ ಹೇಳೀನಿ ಅನ್ನು."

"ಅಯ್ಯ ತಂಗೀ, ಮಂದಿ ಏನಂತಾರ?" ಎಂದಳು ಬೀಗರ ಹಿರಿಯಳು.

"ಮಂದಿ! ನಾಕು ತಿಂಗಳಿಂದ ದಿನಾ ಊಟಕ್ಕ ಕುಂತಾಗ ಹೇಳೀನಿ, ಆ ಹುಡುಗಿದು ಮುಗಸ್ರಿ, ಆ ಹುಡುಗಿದು ಮುಗಸ್ರಿ ಅಂತ. ಮಂದೀದು ಮುಗಿದಿದ್ರ ಅಲ್ಲ ಇವರು ಮುಗಸೂದು?" ಎಂದರು ಕಾಕು. ಆಮೇಲೆ ನನ್ನ ಕಡೆ ತಿರುಗಿ, "ಅಳತಿ ಹಿಡಿದಾಕಿ ನಾನ. ಗಂಡಸರು ಹೆಂಗ ಹಿಡೀತೀರಿ? ನನಗ ನೆನಪೈತಿ. ಕೂಡು ಹಲಿಗಿಯಿಂದ ಪೆಡಲ್ ತಿರುಗೂ ಜಾಗಾಕ ಎರಡು ಗೇಣು ಎರಡು ಬೆರಳು," ಎಂದರು. ನಾನು ಬಾಯಿಪಾಠ ಮಾಡಿಕೊಂಡು ಹೊರಟೆ.

ಕಮ್ಮಾರನ ಹತ್ತಿರ ಒಂದು ಹ್ಯಾಕ್ಸಾ ಬ್ಲೇಡು ಕಡ ತಂದು, ಹನ್ನೊಂದು ಗಂಟೆಯ ತುಂಬಿದ ಬಜಾರಿನಲ್ಲಿ ಕೀಲಿಯ ಕೊಂಡಿ ಕೊರೆಯಲು ಕೂತೆ. ಅರ್ಧ ಕೊರೆಯುವಷ್ಟರಲ್ಲಿ ಜನ ಸೇರಿತು. ಸಾಹುಕಾರರು ಧೋತರ ಎತ್ತಿ ಹಿಡಿದುಕೊಂಡು ಓಡಿ ಬಂದರು.

"ಏ ಕಳ್ಳ! ಯಾರನ್ನ ಕೇಳಿ ಒಡ್ಯಾಕತ್ತಿ?"

"ಮಾಲಕರನ್ನ ಕೇಳೀನ್ರಿ. ಕಾಕು ಹೇಳ್ಯಾರ. ನೀವು ಯಾರನ್ನ ಕೇಳಿ ಹಾಕಿದ್ರಿ?"

"ಕಾಕಾ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ದ!"

"ಕಾಕಾ ಇದ್ದಿದ್ರ ನಿಮ್ಮ ಸೈಕಲ್ ಒರಸಾಕ ಕುಂಡರ್ತಿದ್ರು," ಎಂದೆ. ಕೊಂಡಿ ತುಂಡಾಯಿತು. ಜನರಲ್ಲಿ ಒಬ್ಬರೂ ನನ್ನ ಕಡೆ ಮಾತಾಡಲಿಲ್ಲ. ಕಾಕಾನಿಂದ ಉಪಕಾರ ಪಡೆಯದವನು ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ. ಅದಕ್ಕೇ ಅವರಿಗೆಲ್ಲ ನಾನು ಹೆಣದ ಮೇಲೆ ಕಾಲಿಟ್ಟವನಂತೆ ಕಂಡೆ.

ಆ ದಿನ ಬಾಗಿಲು ಅರ್ಧ ಸರಿಸಿಕೊಂಡು ಹಿಂದಿನ ಎರಡು ಗಾಲಿ ಸರಿಮಾಡಿದೆ. ಬೇರಿಂಗಿನ ಗುಂಡು ತೊಳೆದು ಗ್ರೀಸು ತುಂಬಿದೆ. ಬಲಗಾಲಿ ಓಲಾಡುತ್ತಿತ್ತು, ಕಡ್ಡಿ ಬಿಗಿದು ನೇರ ಮಾಡಿದೆ. ಕೂಡುವ ಹಲಗೆಗೆ ಹಿಂದೆ ಒರಗಲು ಒಂದು ಪಟ್ಟಿ ಹೊಡೆದೆ. ಹಲಗೆಯಿಂದ ಎರಡು ಗೇಣು ಎರಡು ಬೆರಳು ಅಳೆದು ಪೈಪಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಶುಕ್ರವಾರ ಆ ಪೈಪು, ಮುಂದಿನ ಫೋರ್ಕು ಹೊತ್ತುಕೊಂಡು ನಿಡಗುಂದಿಯ ತನಕ ಬಸ್ಸು, ಅಲ್ಲಿಂದ ಪ್ರೊಜೆಕ್ಟಿನ ಟಿಪ್ಪರಿನಲ್ಲಿ ಆಲಮಟ್ಟಿ. ವೆಲ್ಡರು ಊಟದ ಬಿಡುವಿನಲ್ಲಿ ಬೆಸುಗೆ ಹಾಕಿಕೊಟ್ಟ. "ಕಾಕಾನ ಕೆಲಸಾ ಅಂದ್ರ ಊಟ ಬಿಟ್ಟು ಮಾಡ್ತೀನಿ," ಎಂದ. ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ನಾನು ಬೆಸುಗೆ ಮುಗಿಯುವವರೆಗೆ ಹೇಳಲಿಲ್ಲ. ಕೈ ನಡುಗೀತು ಎಂದು.

ಶನಿವಾರ ಮಧ್ಯಾಹ್ನ ಎಲ್ಲ ಕೂಡಿಸಿ, ಚೈನು ಹಾಕಿ, ಗಾಡಿಯನ್ನು ಅಕ್ಕೋರ ಮನೆಯ ಮುಂದೆ ಒಯ್ದೆ. ತಂದೆ ಎತ್ತಿ ಕೂಡಿಸಿದ. ಅಕ್ಕೋರು ಎರಡೂ ಕೈಯಿಂದ ಪೆಡಲು ಹಿಡಿದು ತಿರುಗಿಸಿದರು. ಕೈ ಮೇಲೆ ಹೋದಾಗ ಅವರ ಭುಜ ಕಿವಿಯ ತನಕ ಏರಿತು. ಎರಡು ಸುತ್ತು, ಮೂರು ಸುತ್ತು. ನಾಲ್ಕನೆಯದಕ್ಕೆ ಕೈ ಸೋತು ನಿಂತವು. ಹಣೆಯ ಮೇಲೆ ಬೆವರು. ಮೂರು ಮೈಲಿ ಎಲ್ಲಿ ಬಂತು, ಓಣಿ ದಾಟುವಂತಿರಲಿಲ್ಲ.

"ಭಾಳ ಎತ್ತರ ಆತ್ರಿ," ಎಂದರು ಮೆಲ್ಲಗೆ.

"ಎತ್ತರ ಹೆಂಗಾಗ್ತೈತ್ರಿ? ಕಾಕು ಹೇಳಿದ್ದ ಅಳತಿ. ಎರಡು ಗೇಣು ಎರಡು ಬೆರಳು. ಬರೋಬ್ಬರಿ ಹಿಡಿದೀನಿ," ಎಂದು ನನ್ನ ಗೇಣು ಚಾಚಿ ಪೈಪಿನ ಮೇಲಿಟ್ಟು ತೋರಿಸಿದೆ. ದನಿ ಜೋರಾಗಿತ್ತು. ಅವರ ಮೇಲೆ ರೇಗುತ್ತಿದ್ದೇನೆಂದು ನನಗೇ ತಿಳಿಯುತ್ತಿತ್ತು, ಆದರೂ ರೇಗುತ್ತಿದ್ದೆ.

ಅಕ್ಕೋರು ನನ್ನ ಕೈಯನ್ನೇ ನೋಡಿದರು. "ಮಿಸ್ತ್ರಿ, ಕಾಕು ಹೇಳಿದ್ದು ಯಾರ ಗೇಣಿರಿ?"

ಚಾಚಿದ ಕೈಯನ್ನು ತಿರುಗಿಸಿ ನೋಡಿಕೊಂಡೆ. ಸುತ್ತಿಗೆ ಹಿಡಿದು ಅಗಲವಾದ ನನ್ನ ಅಂಗೈ ಎಲ್ಲಿ, ಕಾಕುನ ಬಳೆಯ ಕೈ ಎಲ್ಲಿ! ಒಂದು ಗೇಣಿಗೆ ಒಂದು ಇಂಚಿನ ಮೇಲೆ ಹೆಚ್ಚು ಹಿಡಿದಿದ್ದೆ. ಥೂ ನನ್ನ ಜನ್ಮಕ್ಕೆ ಎನಿಸಿತು. ಟೇಪು ಹಿಡಿಯದ ಕಾಕಾನನ್ನು ಮೂರು ದಿನ ಮನಸ್ಸಿನಲ್ಲೇ ಬೈದವನು ನಾನು. ಕೊನೆಗೆ ನಾನೇ ಅವರ ಶಿಷ್ಯನಂತೆ ಗೇಣು ಹಿಡಿದು ಕೂತಿದ್ದೆ. ಒಂದು ಜೋಳದ ದಂಟು ತೆಗೆದುಕೊಂಡು ಕಾಕುನ ಮನೆಗೆ ಓಡಿದೆ. ಅವರು ಅದರ ಮೇಲೆ ಗೇಣಿಟ್ಟು, ಬೆರಳಿಟ್ಟು, ಉಗುರಿನಿಂದ ಗೀರಿ ಕೊಟ್ಟರು. ನನ್ನ ಗುರುತಿಗಿಂತ ಎರಡೂವರೆ ಇಂಚು ಕೆಳಗೆ.

ಬೆಸುಗೆ ಕತ್ತರಿಸಿ ಮತ್ತೆ ಹಾಕಿಸಬೇಕು. ಭಾನುವಾರ. ಡ್ಯಾಮಿನ ಕೆಲಸಕ್ಕೆ ಭಾನುವಾರದ ರಜೆ ಇರಲಿಲ್ಲ, ಅಷ್ಟು ಪುಣ್ಯ. ಆದರೆ ಬಸ್ಸಿನ ಕಂಡಕ್ಟರು ಮದುವೆಯ ದಿಬ್ಬಣ ತುಂಬಿಕೊಂಡು, "ನಿನ್ನ ಕಬ್ಬಿಣಾ ಎಲ್ಲಿ ಹಾಕ್ಲಿ, ನನ್ನ ತಲಿ ಮ್ಯಾಲ?" ಎಂದು ಗಂಟೆ ಹೊಡೆದ. ಪೈಪನ್ನು ನನ್ನ ಸೈಕಲ್ಲಿನ ಉದ್ದಕ್ಕೆ ಬಿಗಿದು ತುಳಿಯುತ್ತ ಹೋದೆ. ಎದುರು ಗಾಳಿ. ದಾರಿಯುದ್ದಕ್ಕೂ ಬೈದೆ: ಕಂಡಕ್ಟರನಿಗೆ, ಸಾಹುಕಾರರಿಗೆ, ಆ ಸಾಹೇಬರಿಗೆ. ನಿಡಗುಂದಿ ದಾಟಿದ ಮೇಲೆ ಬೈಯಲು ಕಾಕಾ ಒಬ್ಬರೇ ಉಳಿದರು. "ಎಲ್ಲಾರಿಗೂ ಛಲೋ ಅನಿಸ್ಕೊಂಡು ಹ್ವಾದೆಲ್ಲಾ ಮುದುಕಾ, ಈ ಪೈಪು ಯಾರು ಹೊರಬೇಕು?" ಎಂದು ಬಯಲಲ್ಲಿ ಕೂಗಿಬಿಟ್ಟೆ. ಅವರು ಬದುಕಿದ್ದಾಗ ಒಮ್ಮೆಯೂ ಏಕವಚನ ಆಡಿದವನಲ್ಲ.

ವೆಲ್ಡರು ಈ ಸಲ ಸುದ್ದಿ ಕೇಳಿದ್ದ. ಮಾತಾಡದೆ ಕತ್ತರಿಸಿ, ಜೋಳದ ದಂಟಿನ ಗೀರಿಗೆ ಸರಿಯಾಗಿ ಹಿಡಿದು ಬೆಸುಗೆ ಹಾಕಿ, ಅರದಿಂದ ನಯ ಮಾಡಿ ಕೊಟ್ಟ. ಹೊತ್ತು ಮುಳುಗುವ ಮುಂಚೆ ಊರು ಸೇರಿ ಗಾಡಿ ಕೂಡಿಸಿದೆ.

ಸೋಮವಾರ ಬೆಳಗು ಹರಿಯುತ್ತಲೇ ಗಾಡಿಯ ಮೇಲೆ ಎರಡು ಕಲ್ಲು ಹೇರಿ ತಿರುಗಿಸಿ ನೋಡಿದೆ. ಭಾರ ಬಿದ್ದೊಡನೆ 'ಕಟಕ್' ಎಂದು ಪೆಡಲು ಬರಿದೇ ತಿರುಗಿತು. ಮುಂದಿನ ಗಾಲಿಗೆ ಹಾಕಿದ್ದ ಹಳೆಯ ಫ್ರೀವೀಲಿನ ಒಳಗಿನ ಹಲ್ಲು ಸವೆದುಹೋಗಿತ್ತು. ಹೊಸದು ಬೇಕೆಂದರೆ ವಿಜಾಪುರ. ಗಂಟೆ ಏಳು. ಅಂಗಡಿಯಲ್ಲಿ ಕಣ್ಣಾಡಿಸಿದೆ. ಮೂಲೆಯಲ್ಲಿ, ಬ್ರೇಕಿನ ರಿಪೇರಿಗೆಂದು ಮತ್ತೆ ಬಂದಿದ್ದ ಸಾಹುಕಾರರ ಸೈಕಲ್ಲು ನಿಂತಿತ್ತು. ಹದಿನೈದು ದಿನದ ಹಿಂದೆ ಅಕ್ಕೋರ ಗಾಡಿ ಬದಿಗಿಟ್ಟು ಕಾಕಾ ಅದಕ್ಕೆ ಹೊಸ ಫ್ರೀವೀಲು ಹಾಕಿದ್ದರು. ನಾನು ಎರಡನೇ ಸಲ ಯೋಚನೆ ಮಾಡಲಿಲ್ಲ. ಪಾನಾ ಹಾಕಿ ಬಿಚ್ಚಿದೆ. ಬಿಚ್ಚಿಕೊಂಡು ನೇರವಾಗಿ ಅವರ ಅಂಗಡಿಯ ಮೆಟ್ಟಿಲಿಗೆ ಹೋಗಿ, "ಸಾಹುಕಾರ್ರ, ನಿಮ್ಮ ಸೈಕಲ್ಲಿಂದು ಫ್ರೀವೀಲ್ ತಗೊಂಡೀನಿ. ಅಕ್ಕೋರ ಗಾಡಿಗೆ. ಹೊಸಾದು ತಂದು ನಿಮಗ ಹಾಕಿಕೊಡ್ತೀನಿ, ನಿಮ್ಮ ಪಾಳಿ ಬಂದಾಗ," ಎಂದು ಕೈಯಲ್ಲಿದ್ದುದನ್ನು ತೋರಿಸಿದೆ. ಕದ್ದೆ ಎನ್ನಬಾರದಲ್ಲ, ಅದಕ್ಕೆ.

ಸಾಹುಕಾರರು ಗಾದಿ ಬಿಟ್ಟು ಎದ್ದು ನಿಂತರು. "ನೀ ಹನ್ನೊಂದನೇ ದಿನದ ಸಭಾಕ್ಕ ಬರಕೂಡದು," ಎಂದರು. "ಆತ್ರಿ," ಎಂದು ಇಳಿದು ಬಂದೆ.

ಎಂಟೂವರೆಗೆ ಅಕ್ಕೋರು ಹೊರಟರು. ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ, ತಂದೆ ಅದಕ್ಕೂ ಹಿಂದೆ. ಡಾಂಬರಿನ ಮೇಲೆ ಗಾಡಿ ಸಲೀಸಾಗಿ ಹೋಯಿತು. ಗರಸಿನ ಕಚ್ಚಾ ರಸ್ತೆ ಬಂದಮೇಲೆ ಅವರ ರವಿಕೆಯ ಬೆನ್ನು ತೊಯ್ದುಹೋಯಿತು. ಹಳ್ಳಿಗೆ ಅರ್ಧ ಮೈಲಿ ಇರುವಾಗ ಒಂದು ಒಣ ಹಳ್ಳ. ಇಳಿದದ್ದೇನೋ ಇಳಿಯಿತು, ನಡುವಿನ ಉಸುಕಿನಲ್ಲಿ ಮುಂದಿನ ಗಾಲಿ ಹೂತು ನಿಂತಿತು. ನಾನು ಸೈಕಲ್ಲು ಒಗೆದು ಓಡಿದೆ.

"ಮುಟ್ಟಬ್ಯಾಡ್ರಿ!" ಎಂದರು ಅಕ್ಕೋರು. ಅವರ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ. "ಯಾರೂ ನೋಡಂಗಿಲ್ಲ ಅಂತ ಮುಟ್ಟಬ್ಯಾಡ್ರಿ. ನಾಳೆ ನೀವ ಬರ್ತೀರೇನು?"

ಹಿಂದಕ್ಕೆ ಸರಿದೆ. ಅವರು ಹಿಂದಿನ ಎರಡು ಗಾಲಿಗಳನ್ನು ಒಂದೊಂದಾಗಿ ಕೈಯಿಂದ ಹಿಡಿದು ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ ದೂಡಿ, ಉಸುಕಿನಲ್ಲಿ ಗಟ್ಟಿ ದಾರಿ ಮಾಡಿಕೊಂಡರು. ಐದು ಸಲ, ಆರು ಸಲ. ಅಂಗೈ ಸುಲಿದು ರಕ್ತ ಬಂತು. ತಂದೆ ಮುಖ ತಿರುಗಿಸಿ ನಿಂತ. ಕೊನೆಗೆ ಗಾಡಿ ಮೇಲೆದ್ದು ದಂಡೆ ಹತ್ತಿತು.

ಸಾಲಿಯ ಅಂಗಳ ಸೇರಿದಾಗ ಹತ್ತು ದಾಟಿತ್ತು. ಹೆಡ್‌ಮಾಸ್ತರರು ಬಾಗಿಲಿಗೆ ಬಂದರು. "ಸಾಹೇಬರು ಎಲ್ಲಿ ಅದಾರ್ರೀ?" ಎಂದೆ.

"ಯಾವ ಸಾಹೇಬರು? ಅವರು ಇಂಡಿಗೆ ಹೋಗ್ಯಾರ. ಇವತ್ತು ಬರೂದಿಲ್ಲ. ಬರ್ರಿ ಅಕ್ಕೋರ, ಇಲ್ಲೊಂದು ಸಹಿ ಮಾಡ್ರಿ," ಎಂದು ಹಾಜರಿ ಪುಸ್ತಕ ಚಾಚಿದರು.

ಅಷ್ಟೇ. ತಾನಾಗೇ ಬರಬೇಕು ಎಂದವನು ನೋಡಲು ಬಂದಿರಲಿಲ್ಲ. ನನಗೆ ಆ ಅಂಗಳದಲ್ಲೇ ಏನಾದರೂ ಒಡೆಯಬೇಕೆನಿಸಿತು. ಅಕ್ಕೋರು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದರು. ಅಕ್ಷರ ದುಂಡಗಿತ್ತು.

ಹನ್ನೊಂದನೇ ದಿನ ಶುಕ್ರವಾರ. ಬಸ್‌ಸ್ಟ್ಯಾಂಡಿನ ಎದುರು ಪೆಂಡಾಲು, ಮೈಕು, ಕಾಕಾನ ಫೋಟೋಕ್ಕೆ ಆಳೆತ್ತರದ ಹಾರ. ಮುದ್ದೇಬಿಹಾಳ, ಸಿಂದಗಿಯಿಂದಲೂ ಜನ ಬಂದಿದ್ದರು. ಕಾಕುನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ನಾನು ಪೆಂಡಾಲಿಗೆ ಹೋಗದೆ ಅಂಗಡಿಯಲ್ಲಿ ಕೂತು ಒಂದು ಗಾಲಿಯ ಕಡ್ಡಿ ಬಿಗಿಯುತ್ತಿದ್ದೆ. ಬೇಡವೆಂದರೂ ಎಲ್ಲ ಕೇಳುತ್ತಿತ್ತು. ಅದೇ ಹೊತ್ತಿಗೆ ಸಾಲಿ ಬಿಟ್ಟು ಬರುತ್ತಿದ್ದ ಅಕ್ಕೋರು ಗುಂಪಿನಿಂದಾಗಿ ಮುಂದೆ ಹೋಗಲಾಗದೆ ನಮ್ಮ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು.

ಮೈಕಿನಲ್ಲಿ ಸಾಹುಕಾರರ ದನಿ. "ಕಾಕಾ ಜೀವಮಾನದಾಗ ಒಬ್ಬರಿಗೂ ಇಲ್ಲ ಅಂದವರಲ್ಲ!" ಎಂದರು. ಜನ ಚಪ್ಪಾಳೆ ತಟ್ಟಿದರು.

ಅಕ್ಕೋರು ನನ್ನನ್ನು ನೋಡದೆ, ಎದುರಿನ ಫೋಟೋ ನೋಡುತ್ತ ಹೇಳಿದರು: "ಖರೆ ಐತಿ. ನನಗೂ ಇಲ್ಲ ಅನ್ಲಿಲ್ಲ. ಇಲ್ಲ ಅಂದಿದ್ರ ವಿಜಾಪುರದಾಗ ಬ್ಯಾರೇ ಅಂಗಡಿ ನೋಡ್ತಿದ್ದೆ."

ನನ್ನ ಕೈಯ ಪಾನಾ ನಿಂತಿತು.

"ಒಂದು ಮಾತು ಹೇಳ್ತೀನ್ರಿ ಮಿಸ್ತ್ರಿ, ಯಾರ ಮುಂದೂ ಆಡಬ್ಯಾಡ್ರಿ. ಕಾಕಾ ಹೋದ ದಿನ ಎಲ್ಲಾರೂ ಅತ್ರು. ನಾನೂ ಭಾಳ ಅತ್ತೆ. ನಮ್ಮಪ್ಪ ತಿಳಕೊಂಡ, ಕಾಕಾನ ಸಲುವಾಗಿ ಅಂತ. ನಾ ಅತ್ತದ್ದು ನನ್ನ ಗಾಡಿ ಹೋತಲ್ಲಾ ಅಂತ. ಅಷ್ಟು ಛಲೋ ಮನಿಷ್ಯಾ, ಹ್ವಾದಾಗೆಲ್ಲ ಕೂಡಿಸಿ ಚಹಾ ಕೊಟ್ಟವರು, ಅವರ ಸಲುವಾಗಿ ನನಗ ಒಂದು ಹನಿ ನೀರು ಬರಲಿಲ್ಲ. ನಾ ಎಂಥಾಕಿ?"

"ನನಗೂ ಬಂದಿಲ್ರಿ," ಎಂದೆ. "ಹನ್ನೊಂದು ದಿನ ಆತು, ಬರೇ ಬೈಯಾಕತ್ತೀನಿ ಅವರಿಗೆ. ರಸ್ತೆದಾಗ, ಕನಸಿನ್ಯಾಗ. ಅವರಿದ್ದಾಗ ಒಂದ ಸಲ ಕೈ ಹಿಡಿದು, ಕಾಕಾ, ಸಾಹುಕಾರಂದು ಬಿಡ್ರಿ, ಇದನ್ನ ಮಾಡ್ರಿ ಅಂತ ಜೋರಾಗಿ ಅಂದಿದ್ರ ಕೇಳ್ತಿದ್ರು. ಯಾರು ಜೋರು ಮಾಡಿದ್ರೂ ಕೇಳಾವ್ರು ಅವರು. ನಾನ ಜೋರು ಮಾಡಲಿಲ್ಲ."

ಗ್ರೀಸಿನ ಕೈ ಮುಖಕ್ಕೆ ಒತ್ತಿಕೊಂಡು ಅತ್ತೆ. ಮೈಕಿನಲ್ಲಿ ಇನ್ನೊಬ್ಬರು ಕಾಕಾನ ಗುಣ ಹಾಡಲು ಶುರುಮಾಡಿದ್ದರು. ಜನ ಚದುರಿ ರಸ್ತೆ ತೆರವಾದ ಮೇಲೂ ಅಕ್ಕೋರು ಗಾಡಿ ತಿರುಗಿಸಲಿಲ್ಲ. ನಾನು ಮುಗಿಸಿ ಮುಖ ಒರೆಸಿಕೊಳ್ಳುವವರೆಗೂ ಅಲ್ಲೇ ಕೂತಿದ್ದರು.